ಎಂಜಿನಿಯರಿಂಗ್ ಉನ್ನತ ಓದಿಗೆ ಸ್ಕಾಲರ್‌ಶಿಪ್: ಫಾರ್ವರ್ಡ್‌ಗಳು ಹೇಳದ ಲೆಕ್ಕ

‘ಎಂಜಿನಿಯರಿಂಗ್ ಮುಗಿಸಿದವರಿಗೆ ವಿದೇಶದಲ್ಲಿ ಸಂಪೂರ್ಣ ಉಚಿತ ಓದು, ಯಾವ ಪರೀಕ್ಷೆಯೂ ಬೇಡ, ನಾಳೆಯೇ ಕೊನೆಯ ದಿನ, ಹತ್ತು ಗುಂಪಿಗೆ ಕಳಿಸಿ’ ಎನ್ನುವ ಧಾಟಿಯ ಸಂದೇಶ ನಿಮ್ಮ ಫೋನಿಗೂ ಬಂದಿರುತ್ತದೆ. ಕಳಿಸಿದವರ ಮನಸ್ಸು ಒಳ್ಳೆಯದೇ. ಯಾರಾದರೂ ಬಡವರ ಮನೆಯ ಮಕ್ಕಳಿಗೆ ಅನುಕೂಲವಾಗಲಿ ಎಂದು ಕಳಿಸಿರುತ್ತಾರೆ. ಆದರೆ ಇಂಥ ಸಂದೇಶವನ್ನು ನಂಬಿ ಆಗುವ ನಷ್ಟ ಬರೀ ಡೇಟಾ ಖರ್ಚಲ್ಲ. ಸ್ಕಾಲರ್‌ಶಿಪ್ ಸಿಗುತ್ತದೆಂದು ಕಾದು ಕೊನೆಗೆ ಸಿಗದೇ ಹೋದಾಗ ಅಪ್ಪ ಜಮೀನಿನ ಪಹಣಿ ಹಿಡಿದು ಬ್ಯಾಂಕಿಗೆ ಹೋಗುತ್ತಾರೆ. ಶಿಕ್ಷಣ ಸಾಲ ಏಳೂವರೆ ಲಕ್ಷ ರೂಪಾಯಿ ದಾಟಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಅಡಮಾನ ಕೇಳುತ್ತವೆ. ಹಾಗಾಗಿ ಈ ವಿಷಯದಲ್ಲಿ ಸರಿಯಾದ ಮಾಹಿತಿ ಎಂದರೆ ಒಂದು ಮನೆಯ ಆಸ್ತಿಯ ಪ್ರಶ್ನೆ.

ಸುಳ್ಳು ಸ್ಕಾಲರ್‌ಶಿಪ್ ಸಂದೇಶಗಳಿಗೆ ವರ್ಷಗಳ ಇತಿಹಾಸವಿದೆ. ಅಬ್ದುಲ್ ಕಲಾಂ ಮತ್ತು ವಾಜಪೇಯಿ ಹೆಸರಿನಲ್ಲಿ ಹತ್ತನೇ ತರಗತಿಯಲ್ಲಿ ಶೇ 75 ಪಡೆದವರಿಗೆ 10 ಸಾವಿರ, ಹನ್ನೆರಡನೇ ತರಗತಿಯಲ್ಲಿ ಶೇ 85 ಪಡೆದವರಿಗೆ 25 ಸಾವಿರ, ಅರ್ಜಿ ನಗರಸಭೆಯಲ್ಲಿ ಸಿಗುತ್ತದೆ ಎಂಬ ಸಂದೇಶ ನೆನಪಿರಬಹುದು. ಅಂಥ ಯೋಜನೆಯೇ ಇಲ್ಲ ಎಂದು ಮತ್ತೆ ಮತ್ತೆ ಸ್ಪಷ್ಟಪಡಿಸಿದರೂ ಪ್ರತಿ ವರ್ಷ ಫಲಿತಾಂಶದ ಹೊತ್ತಿಗೆ ಅದು ಎದ್ದು ಬರುತ್ತದೆ. ಎಂಜಿನಿಯರಿಂಗ್ ಮಟ್ಟಕ್ಕೆ ಬಂದಾಗ ಸಂದೇಶಗಳು ಇನ್ನೂ ಜಾಣವಾಗುತ್ತವೆ. ಪೂರ್ತಿ ಸುಳ್ಳು ಇರುವುದಿಲ್ಲ, ನಿಜವಾದ ಸ್ಕಾಲರ್‌ಶಿಪ್‌ಗಳ ಹೆಸರೇ ಇರುತ್ತವೆ. ಆದರೆ ಅವು ನಿಮಗೆ ಸಿಗುವಂಥವಲ್ಲ, ಅಥವಾ ಈಗಾಗಲೇ ನಿಂತುಹೋದಂಥವು.

‘ಕೋಟಿಗಟ್ಟಲೆ ಹಣ ಕೇಳುವವರಿಲ್ಲದೆ ಬಿದ್ದಿದೆ’ ನಿಜವೇ?

ಇದು ಬಹಳ ಹಳೆಯ ಕಥೆ, ಹುಟ್ಟಿದ್ದು ಅಮೆರಿಕದಲ್ಲಿ. 1970ರ ದಶಕದಲ್ಲಿ ಅಲ್ಲಿ ಒಂದು ಅಂದಾಜು ಹೊರಬಂತು. ಕಂಪನಿಗಳು ತಮ್ಮ ನೌಕರರ ಓದಿಗೆಂದು ಕೊಡಬಹುದಾದ ನೆರವಿನಲ್ಲಿ ಬಹುಪಾಲನ್ನು ನೌಕರರು ಬಳಸಿಕೊಳ್ಳುತ್ತಿಲ್ಲ ಎಂಬುದು ಅದರ ಸಾರ. ಅದು ವಿದ್ಯಾರ್ಥಿಗಳ ಸ್ಕಾಲರ್‌ಶಿಪ್ ಆಗಿರಲಿಲ್ಲ, ಯಾರ ಬೀರುವಿನಲ್ಲೂ ಎತ್ತಿಟ್ಟ ಹಣವೂ ಆಗಿರಲಿಲ್ಲ. ಬಾಯಿಂದ ಬಾಯಿಗೆ ಹೋಗುತ್ತಾ ಅದೇ ‘ಶತಕೋಟಿ ಡಾಲರ್ ಸ್ಕಾಲರ್‌ಶಿಪ್ ಅನಾಥ’ ಎಂದಾಯಿತು. ಸ್ಕಾಲರ್‌ಶಿಪ್ ಹುಡುಕಿಕೊಡುತ್ತೇವೆ ಎಂದು ಶುಲ್ಕ ವಸೂಲಿ ಮಾಡುವವರಿಗೆ ಈ ಮಾತು ಬಲು ಅನುಕೂಲ.

ವಾಸ್ತವ ಇದಕ್ಕೆ ಹೆಚ್ಚುಕಡಿಮೆ ಉಲ್ಟಾ. ಹೆಸರುವಾಸಿ ಸ್ಕಾಲರ್‌ಶಿಪ್‌ಗಳಿಗೆ ಸೀಟಿಗಿಂತ ಹಲವು ಪಟ್ಟು ಅರ್ಜಿ ಬರುತ್ತವೆ. ಆದರೆ ಎಂಜಿನಿಯರಿಂಗ್ ಓದುವವರಿಗೆ ನಿಜವಾಗಿ ಹಣ ಸಿಗುವ ಜಾಗ ಹೆಸರುವಾಸಿ ಸ್ಕಾಲರ್‌ಶಿಪ್‌ಗಳಲ್ಲ ಎಂಬುದು ನಮ್ಮ ಅಭಿಪ್ರಾಯ. ಆ ಹಣ ‘ಸ್ಕಾಲರ್‌ಶಿಪ್’ ಎಂಬ ಹೆಸರಿನಲ್ಲಿ ಬರುವುದೇ ಕಡಿಮೆ. ಸ್ಟೈಪೆಂಡ್, ಅಸಿಸ್ಟೆಂಟ್‌ಶಿಪ್, ಫೆಲೋಶಿಪ್ ಎಂಬ ಹೆಸರಿನಲ್ಲಿ ಬರುತ್ತದೆ. ಅದಕ್ಕೇ ಫಾರ್ವರ್ಡ್‌ಗಳಿಗೆ ಅದು ಕಾಣುವುದಿಲ್ಲ.

ಗೇಟ್ ಬರೆಯದೆ ಕಳೆದುಕೊಳ್ಳುವ ಮೂರು ಲಕ್ಷ

ಮೊದಲು ನಮ್ಮ ಊರಿನ ಲೆಕ್ಕ ನೋಡೋಣ. ಎಂಟೆಕ್ ಓದುವವರಿಗೆ ಕೇಂದ್ರ ಸರ್ಕಾರದಿಂದ ತಿಂಗಳಿಗೆ 12,400 ರೂಪಾಯಿ ಸಿಗುತ್ತದೆ, ಎರಡು ವರ್ಷ. ಒಟ್ಟು 2,97,600 ರೂಪಾಯಿ. ಇದು ಐಐಟಿಯವರಿಗೆ ಮಾತ್ರ ಎಂಬ ನಂಬಿಕೆ ನಮ್ಮ ಕಾಲೇಜುಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಅದು ತಪ್ಪು. ಎಐಸಿಟಿಇ ಅನುಮೋದನೆ ಇರುವ ಸಂಸ್ಥೆಯಲ್ಲಿ, ಅನುಮೋದಿತ ಕೋರ್ಸಿಗೆ, ಪೂರ್ಣಾವಧಿ ವಿದ್ಯಾರ್ಥಿಯಾಗಿ, ಚಾಲ್ತಿಯಲ್ಲಿರುವ ಗೇಟ್ ಸ್ಕೋರ್ ಇಟ್ಟುಕೊಂಡು ಸೇರಿದವರಿಗೆ ಎಐಸಿಟಿಇಯ ಈ ನೆರವು ಇದೆ. ಹಾಸನದಲ್ಲಿ ಸೇರಿದರೂ ಸರಿ, ಬೆಳಗಾವಿಯಲ್ಲಿ ಸೇರಿದರೂ ಸರಿ.

ಇಲ್ಲಿ ಮುಖ್ಯವಾದ ಮಾತೆಂದರೆ, ಇದಕ್ಕೆ ದೊಡ್ಡ ರ‍್ಯಾಂಕ್ ಬೇಕಿಲ್ಲ, ಗೇಟ್‌ನಲ್ಲಿ ಅರ್ಹತೆ ಪಡೆದರೆ ಸಾಕು. ಅರ್ಹತೆಯ ಗೆರೆ ವರ್ಷದಿಂದ ವರ್ಷಕ್ಕೆ, ವಿಷಯದಿಂದ ವಿಷಯಕ್ಕೆ ಬದಲಾಗುತ್ತದೆ. ಆದರೂ ಹಲವು ವಿಷಯಗಳಲ್ಲಿ ಸಾಮಾನ್ಯ ವರ್ಗಕ್ಕೆ ನೂರಕ್ಕೆ 25ರಿಂದ 35 ಅಂಕದ ಆಸುಪಾಸಿನಲ್ಲಿ ಇರುತ್ತದೆ. ಹಿಂದುಳಿದ ವರ್ಗದವರಿಗೆ ಅದರ ಶೇ 90, ಪರಿಶಿಷ್ಟರಿಗೆ ಮೂರನೇ ಎರಡು ಭಾಗ.

ಕರ್ನಾಟಕದಲ್ಲಿ ಎಂಟೆಕ್‌ಗೆ ಸೇರಲು ಕೆಇಎ ನಡೆಸುವ ಪಿಜಿಸಿಇಟಿ ಇದೆ. ಬಹಳ ಜನ ಅದೊಂದನ್ನೇ ಬರೆದು ಸೇರುತ್ತಾರೆ. ಸೀಟು ಸಿಗುತ್ತದೆ, ಆದರೆ 12,400 ಸಿಗುವುದಿಲ್ಲ. ಅದೇ ತರಗತಿ, ಅದೇ ಬೆಂಚು, ಪಕ್ಕದಲ್ಲಿ ಕೂತವರು ಗೇಟ್ ಬರೆದಿದ್ದರು ಎಂಬ ಒಂದೇ ಕಾರಣಕ್ಕೆ ಅವರ ಖಾತೆಗೆ ತಿಂಗಳು ತಿಂಗಳು ಹಣ. ಗೇಟ್ ಸ್ಕೋರ್ ಇದ್ದವರಿಗೆ ಎಂಟೆಕ್ ಸೀಟು ಹಂಚಿಕೆಯಲ್ಲೂ ಆದ್ಯತೆ ಇದೆ. ಎಂಟೆಕ್ ಮಾಡುವ ಯೋಚನೆ ಇದ್ದೂ ಗೇಟ್ ಬರೆಯದಿರಲು ನಮಗಂತೂ ಒಂದೂ ಒಳ್ಳೆಯ ಕಾರಣ ಕಾಣುವುದಿಲ್ಲ.

ಪರೀಕ್ಷೆ ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಇದರಲ್ಲಿ 15 ಅಂಕ ಸಾಮಾನ್ಯ ಸಾಮರ್ಥ್ಯಕ್ಕೆ. ಎಂಜಿನಿಯರಿಂಗ್‌ನ ಹೆಚ್ಚಿನ ಪತ್ರಿಕೆಗಳಲ್ಲಿ ಗಣಿತಕ್ಕೆ 13 ಅಂಕದಷ್ಟು. ಅಂದರೆ ಸುಮಾರು 28 ಅಂಕ ನಿಮ್ಮ ಬ್ರಾಂಚಿನ ವಿಷಯಕ್ಕೇ ಸೇರಿದ್ದಲ್ಲ. ಮೊದಲ ನಾಲ್ಕು ಸೆಮಿಸ್ಟರ್‌ಗಳಲ್ಲಿ ಓದಿ ಮರೆತ ಗಣಿತವನ್ನು ಮತ್ತೆ ತೆಗೆದರೆ ಅರ್ಹತೆಯ ಗೆರೆಗೆ ಅರ್ಧಕ್ಕಿಂತ ಹೆಚ್ಚು ದಾರಿ ಸವೆಸಿದಂತೆ. ಬಹುಆಯ್ಕೆಯ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಡಿತ. ಸಂಖ್ಯೆಯನ್ನೇ ಟೈಪ್ ಮಾಡುವ ಪ್ರಶ್ನೆಗಳಿಗೆ, ಒಂದಕ್ಕಿಂತ ಹೆಚ್ಚು ಸರಿ ಉತ್ತರ ಇರುವ ಪ್ರಶ್ನೆಗಳಿಗೆ ಕಡಿತವಿಲ್ಲ. ಅಂಥವನ್ನು ಖಾಲಿ ಬಿಟ್ಟು ಬರುವುದು ದಡ್ಡತನ.

ಮೂರನೇ ವರ್ಷದಲ್ಲಿ ಇರುವವರೂ ಗೇಟ್ ಬರೆಯಬಹುದು, ಸ್ಕೋರ್ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಹಾಗಾಗಿ ಮೂರನೇ ವರ್ಷದಲ್ಲಿ ಒಮ್ಮೆ ಬರೆದು ನೋಡಿ, ಕೊನೆಯ ವರ್ಷದಲ್ಲಿ ಸುಧಾರಿಸಿಕೊಳ್ಳಲು ಅವಕಾಶವಿದೆ.

ಸೇರಿದ ಮೇಲೂ ಒಂದಿಷ್ಟು ಕೆಲಸ ಇದೆ. ವಾರಕ್ಕೆ ಎಂಟರಿಂದ ಹತ್ತು ಗಂಟೆ ಬೋಧನೆ ಅಥವಾ ಲ್ಯಾಬ್ ಕೆಲಸ ಮಾಡಬೇಕು. ಜೊತೆಗೆ ಬೇರೆ ಸಂಬಳ, ಸ್ಟೈಪೆಂಡ್ ಪಡೆಯುವಂತಿಲ್ಲ. ಕಾಲೇಜು ಎಐಸಿಟಿಇ ಪೋರ್ಟಲ್‌ನಲ್ಲಿ ನಿಮ್ಮ ಹೆಸರು ಏರಿಸಬೇಕು, ದಾಖಲೆಗಳನ್ನು ದೃಢೀಕರಿಸಬೇಕು. ಕಾಲೇಜಿನ ಕಚೇರಿಯವರು ತಾವಾಗಿಯೇ ಮಾಡುತ್ತಾರೆ ಎಂದು ಕೂರಬೇಡಿ. ಸೇರಿದ ವಾರದಲ್ಲೇ ಈ ಕೆಲಸ ಯಾರ ಕೈಯಲ್ಲಿದೆ ಎಂದು ವಿಚಾರಿಸಿ, ಕೊನೆಯ ದಿನಾಂಕ ಬರೆದುಕೊಳ್ಳಿ.

ಪಿಎಚ್‌ಡಿ ಎಂದರೆ ಹಣ ಕಟ್ಟಿ ಓದುವುದಲ್ಲ

‘ಪಿಎಚ್‌ಡಿ ಮಾಡಲು ಹಣವಂತರಾಗಿರಬೇಕು’ ಎಂಬುದು ಇನ್ನೊಂದು ನಂಬಿಕೆ. ಐಐಎಸ್‌ಸಿ, ಐಐಟಿ, ಎನ್‌ಐಟಿಯಂಥ ಕಡೆ ಪೂರ್ಣಾವಧಿ ಪಿಎಚ್‌ಡಿಗೆ ಸೇರಿದರೆ ನಿಮಗೇ ಹಣ ಕೊಡುತ್ತಾರೆ. 2023ರ ಜನವರಿಯಿಂದ ಅನ್ವಯವಾಗುವಂತೆ ಜೂನಿಯರ್ ರಿಸರ್ಚ್ ಫೆಲೋಶಿಪ್ ತಿಂಗಳಿಗೆ 37 ಸಾವಿರ, ಎರಡು ವರ್ಷದ ನಂತರ ಸೀನಿಯರ್ ಆದಾಗ 42 ಸಾವಿರ. ಐದು ವರ್ಷಕ್ಕೆ ಲೆಕ್ಕ ಹಾಕಿದರೆ ಸರಿಯಾಗಿ 24 ಲಕ್ಷ, ಮನೆ ಬಾಡಿಗೆ ಭತ್ಯೆ ಬೇರೆ. 2018–19ರ ಬಜೆಟ್‌ನಲ್ಲಿ ಘೋಷಿಸಿದ ಪ್ರಧಾನಮಂತ್ರಿ ರಿಸರ್ಚ್ ಫೆಲೋಶಿಪ್ ಸಿಕ್ಕವರಿಗೆ ಇನ್ನೂ ಹೆಚ್ಚು. ಮೊದಲೆರಡು ವರ್ಷ 70 ಸಾವಿರ, ಮೂರನೇ ವರ್ಷ 75 ಸಾವಿರ, ಆಮೇಲೆ 80 ಸಾವಿರ ಎಂದು ಅದು ಶುರುವಾಯಿತು.

ಬಿಇ ಮುಗಿಸಿ ಎಂಟೆಕ್ ಮಾಡದೆ ನೇರವಾಗಿ ಪಿಎಚ್‌ಡಿಗೆ ಸೇರುವ ದಾರಿಯೂ ಈ ಸಂಸ್ಥೆಗಳಲ್ಲಿ ಇದೆ. ಇದು ನಮ್ಮ ಎಷ್ಟೋ ಕಾಲೇಜುಗಳಲ್ಲಿ ಪಾಠ ಮಾಡುವವರಿಗೇ ಗೊತ್ತಿರುವುದಿಲ್ಲ.

ಅಮೆರಿಕದಲ್ಲಿ ಹಣ ಇರುವುದು ಪ್ರಾಧ್ಯಾಪಕರ ಬಳಿ

ಈಗ ಹೊರದೇಶದ ಮಾತು. ಅಮೆರಿಕದಲ್ಲಿ ಎಂಜಿನಿಯರಿಂಗ್ ಎಂಎಸ್ ಮಾಡುವ ಬಹುಪಾಲು ನಮ್ಮವರು ತಮ್ಮ ಹಣದಲ್ಲಿ, ಅಂದರೆ ಸಾಲದಲ್ಲಿ ಓದುತ್ತಾರೆ. ಪಿಎಚ್‌ಡಿಗೆ ಸೇರಿದವರಿಗೆ ಒಳ್ಳೆಯ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಬೋಧನಾ ಶುಲ್ಕ ಮನ್ನಾ ಮಾಡಿ ತಿಂಗಳ ಖರ್ಚಿಗೂ ಕೊಡುತ್ತವೆ. ಅಲ್ಲಿ ಪಿಎಚ್‌ಡಿ ವಿದ್ಯಾರ್ಥಿ ಎಂದರೆ ಒಂದು ರೀತಿಯಲ್ಲಿ ಕೆಲಸಗಾರ. ಪ್ರಾಧ್ಯಾಪಕರು ಸರ್ಕಾರದ ಸಂಸ್ಥೆಗಳಿಂದ, ಕಂಪನಿಗಳಿಂದ ಸಂಶೋಧನೆಗೆ ಅನುದಾನ ತರುತ್ತಾರೆ. ಆ ಯೋಜನೆಯ ಕೆಲಸ ಮಾಡಲು ಜನ ಬೇಕು. ಆ ಅನುದಾನದಲ್ಲಿ ನಿಮಗೆ ಕೊಡುವುದು ರಿಸರ್ಚ್ ಅಸಿಸ್ಟೆಂಟ್‌ಶಿಪ್. ಪದವಿ ತರಗತಿಗಳ ಲ್ಯಾಬ್ ನೋಡಿಕೊಳ್ಳಲು, ಉತ್ತರಪತ್ರಿಕೆ ತಿದ್ದಲು ವಿಭಾಗ ಕೊಡುವುದು ಟೀಚಿಂಗ್ ಅಸಿಸ್ಟೆಂಟ್‌ಶಿಪ್.

ಇದು ಅರ್ಥವಾದರೆ ಆಯ್ಕೆ ಹೇಗೆ ನಡೆಯುತ್ತದೆ ಎನ್ನುವುದೂ ಅರ್ಥವಾಗುತ್ತದೆ. ಪ್ರಾಧ್ಯಾಪಕರು ಕೇಳಿಕೊಳ್ಳುವುದು ‘ಈ ಹುಡುಗಿಗೆ ಎಷ್ಟು ಅಂಕ ಬಂದಿದೆ’ ಎಂದಷ್ಟೇ ಅಲ್ಲ. ‘ಮುಂದಿನ ನಾಲ್ಕೈದು ವರ್ಷ ನನ್ನ ಪ್ರಯೋಗಾಲಯದಲ್ಲಿ ಈ ಕೆಲಸ ಮಾಡಲು ಇವಳಿಗೆ ಆಗುತ್ತದೆಯೇ’ ಎಂದು. ಅಂಕಗಳು ನಿಮ್ಮನ್ನು ಬಾಗಿಲವರೆಗೆ ಕರೆದೊಯ್ಯುತ್ತವೆ. ಒಳಗೆ ಕರೆಸಿಕೊಳ್ಳುವುದು ಮಾಡಿದ ಕೆಲಸ. 8.2 ಸಿಜಿಪಿಎ ಜೊತೆಗೆ ಒಂದು ಗಟ್ಟಿ ಪ್ರಾಜೆಕ್ಟ್ ಇದ್ದವರು, ಬರೀ 9.4 ಇರುವವರಿಗಿಂತ ಮುಂದೆ ಹೋಗುವುದು ಇದೇ ಕಾರಣಕ್ಕೆ.

ಎಂಎಸ್‌ಗೆ ಹೋಗುವವರಿಗೆ ‘ಅಲ್ಲಿ ಹೋದ ಮೇಲೆ ಅಸಿಸ್ಟೆಂಟ್‌ಶಿಪ್ ಸಿಕ್ಕೇ ಸಿಗುತ್ತೆ’ ಎಂದು ಹೇಳುವ ಸೀನಿಯರ್ ಒಬ್ಬರಾದರೂ ಇರುತ್ತಾರೆ. ಕೆಲವರಿಗೆ ಸಿಗುತ್ತದೆ ನಿಜ. ಅದನ್ನು ನಂಬಿ ಮೊದಲ ವರ್ಷದ ಬಜೆಟ್ ಮಾಡುವುದು ಮಾತ್ರ ಅಪಾಯ. ವಿದ್ಯಾರ್ಥಿ ವೀಸಾದಲ್ಲಿ ಇರುವವರು ತರಗತಿ ನಡೆಯುವ ಕಾಲದಲ್ಲಿ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ಕ್ಯಾಂಟೀನಿನಲ್ಲೋ ಗ್ರಂಥಾಲಯದಲ್ಲೋ 20 ಗಂಟೆ ದುಡಿದು ಊಟದ ಖರ್ಚು ಹೊರಬಹುದು, ಫೀಸು ಕಟ್ಟಲು ಆಗುವುದಿಲ್ಲ.

ಇನ್ನೊಂದು ಗುಟ್ಟು ದಿನಾಂಕದ್ದು. ಸೆಪ್ಟೆಂಬರ್ ಹೊತ್ತಿಗೆ ಶುರುವಾಗುವ ಪಿಎಚ್‌ಡಿಗೆ ಹಿಂದಿನ ಡಿಸೆಂಬರ್, ಜನವರಿಯಲ್ಲೇ ಅರ್ಜಿ ಮುಗಿದಿರುತ್ತದೆ. ಎಂಎಸ್ ಅರ್ಜಿಗೆ ಆಮೇಲೂ ಅವಕಾಶ ಇರಬಹುದು, ಆದರೆ ಹಣದ ನೆರವಿಗೆ ಪರಿಗಣಿಸಲು ಬೇರೆಯೇ ಮೊದಲ ಗಡುವು ಇರುತ್ತದೆ. ಅದು ವಿಭಾಗದ ಪುಟದ ಮೂಲೆಯಲ್ಲೆಲ್ಲೋ ಸಣ್ಣಕ್ಷರದಲ್ಲಿ ಇರುತ್ತದೆ. ಅದನ್ನು ಹುಡುಕಿ ಓದಿ. ಲೆಕ್ಕ ಹಾಕಿದರೆ ತಯಾರಿ ಆರನೇ ಸೆಮಿಸ್ಟರ್‌ನಲ್ಲೇ ಶುರುವಾಗಬೇಕು.

ಜಿಆರ್‌ಇ ಬಗ್ಗೆ ಒಂದೇ ಮಾತು. ಕೊರೊನಾ ನಂತರ ಎಷ್ಟೋ ವಿಭಾಗಗಳು ಅದನ್ನು ಕೈಬಿಟ್ಟಿವೆ ಅಥವಾ ಐಚ್ಛಿಕ ಮಾಡಿವೆ. ಕೋಚಿಂಗ್‌ಗೆ ಹಣ ಕಟ್ಟುವ ಮೊದಲು ನೀವು ಅರ್ಜಿ ಹಾಕುವ ವಿಭಾಗ ಅದನ್ನು ಕೇಳುತ್ತದೆಯೇ ಎಂದು ನೋಡಿಕೊಳ್ಳಿ. ಅದಕ್ಕಿಂತ ಟೋಫೆಲ್‌ನ ಮಾತಿನ ವಿಭಾಗದ ಕಡೆ ಗಮನ ಕೊಡುವುದು ಲಾಭ. ತರಗತಿಯಲ್ಲಿ ಮಾತಾಡಬೇಕಾದ ಟೀಚಿಂಗ್ ಅಸಿಸ್ಟೆಂಟ್‌ಶಿಪ್‌ಗೆ ಹಲವು ವಿಶ್ವವಿದ್ಯಾಲಯಗಳು ಅದರಲ್ಲಿ ಹೆಚ್ಚಿನ ಅಂಕ ಕೇಳುತ್ತವೆ.

ಬಾಲ್ಯದ ಕುತೂಹಲ ಯಾರಿಗೂ ಬೇಡ

ಅರ್ಜಿಯ ಜೊತೆ ಕೊಡುವ ಉದ್ದೇಶ ಪತ್ರದಲ್ಲಿ, ಅಂದರೆ ಎಸ್‌ಒಪಿಯಲ್ಲಿ, ನಮ್ಮ ಹುಡುಗರು ಹೆಚ್ಚಾಗಿ ಶುರುಮಾಡುವುದು ಹೀಗೆ: ಚಿಕ್ಕಂದಿನಿಂದಲೂ ನನಗೆ ಯಂತ್ರಗಳೆಂದರೆ ಕುತೂಹಲ, ರೇಡಿಯೋ ಬಿಚ್ಚಿ ನೋಡುತ್ತಿದ್ದೆ. ಓದುವವರ ಮುಂದೆ ಇಂಥ ರೇಡಿಯೋಗಳು ರಾಶಿ ಬಿದ್ದಿರುತ್ತವೆ.

ಬದಲಿಗೆ ಹೀಗೆ ಊಹಿಸಿಕೊಳ್ಳಿ. ಚಿತ್ರದುರ್ಗದ ಕಡೆಯ ಸಿವಿಲ್ ವಿದ್ಯಾರ್ಥಿನಿಯೊಬ್ಬಳು ಬೋರ್‌ವೆಲ್ ನೀರಿನ ಫ್ಲೋರೈಡ್ ತೆಗೆಯಲು ಆಕ್ಟಿವೇಟೆಡ್ ಅಲ್ಯುಮಿನಾ ಹಾಕಿದ ಫಿಲ್ಟರ್ ಮಾಡಿದಳು. ಲ್ಯಾಬಿನಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ಊರಿನ ನೀರಿಗೆ ಬೇಗ ಸೋತಿತು. ಏಕೆಂದು ನೋಡಿದಾಗ ಆ ನೀರಿನ ಕ್ಷಾರ ಹೆಚ್ಚು, ಬೈಕಾರ್ಬನೇಟ್ ಕೂಡ ಫ್ಲೋರೈಡ್ ಕೂರಬೇಕಾದ ಜಾಗಕ್ಕೆ ಪೈಪೋಟಿ ಮಾಡುತ್ತಿತ್ತು. ಈ ನಾಲ್ಕು ಸಾಲು ಬರೆದರೆ ಸಾಕು. ಸಮಸ್ಯೆ ಏನು, ತಾನೇನು ಮಾಡಿದೆ, ಎಲ್ಲಿ ಕೆಟ್ಟಿತು, ಏನು ತಿಳಿಯಿತು ಎಂಬುದೆಲ್ಲ ಅದರಲ್ಲಿದೆ. ಪ್ರಯೋಗ ಸೋತಿದ್ದು ಇಲ್ಲಿ ದೌರ್ಬಲ್ಯವೇ ಅಲ್ಲ. ಸೋತಿದ್ದಕ್ಕೆ ಕಾರಣ ಹುಡುಕಿದವರು ಸಂಶೋಧನೆಗೆ ಆಗುತ್ತಾರೆ ಎಂದು ಓದುವವರಿಗೆ ಗೊತ್ತು.

ಇಂಥ ಕೆಲಸಕ್ಕೆ ದೊಡ್ಡ ಕಾಲೇಜೇ ಬೇಕೆಂದಿಲ್ಲ. ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, 1970ರ ದಶಕದಿಂದಲೂ ರಾಜ್ಯದ ಕೊನೆಯ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ಸಣ್ಣ ಮೊತ್ತದ ಅನುದಾನ ಕೊಡುತ್ತಾ ಬಂದಿದೆ. ಅದಕ್ಕೆ ಆಯ್ಕೆಯಾಗಿದ್ದರೆ ಹೊರಗಿನವರೊಬ್ಬರು ನಿಮ್ಮ ಕೆಲಸವನ್ನು ನೋಡಿ ಒಪ್ಪಿದ್ದಾರೆ ಎಂಬ ಪುರಾವೆ. ಬೇಸಿಗೆ ರಜೆಯಲ್ಲಿ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಸಂಶೋಧನಾ ಫೆಲೋಶಿಪ್ ಇದೆ. ಜರ್ಮನಿಗೆ ಕರೆಸಿಕೊಳ್ಳುವ ಡಾಡ್ ವೈಸ್, ಕೆನಡಾದ ಮಿಟಾಕ್ಸ್ ಗ್ಲೋಬಲಿಂಕ್ ಕೂಡ ಪದವಿ ಓದುತ್ತಿರುವವರಿಗೇ. ಅಂಗಡಿಯಿಂದ ರೆಡಿಮೇಡ್ ಪ್ರಾಜೆಕ್ಟ್ ಕೊಂಡು ತಂದವರಿಗೆ ಇಲ್ಲಿ ಹೇಳಲು ಏನೂ ಇರುವುದಿಲ್ಲ. ಸಂದರ್ಶನದ ಎರಡನೇ ಪ್ರಶ್ನೆಗೇ ಗೊತ್ತಾಗಿಬಿಡುತ್ತದೆ.

ಪ್ರಾಧ್ಯಾಪಕರಿಗೆ ಇಮೇಲ್ ಬರೆಯುವಾಗಲೂ ಅಷ್ಟೇ. ‘ಗೌರವಾನ್ವಿತ ಸರ್, ನಿಮ್ಮ ಸಂಶೋಧನೆ ಬಹಳ ಇಷ್ಟವಾಯಿತು’ ಎಂದು ಒಂದೇ ಪತ್ರವನ್ನು ಇನ್ನೂರು ಜನರಿಗೆ ಕಳಿಸಿದರೆ ಅದು ಕಸದ ಬುಟ್ಟಿಗೆ ಹೋಗುತ್ತದೆ. ಹತ್ತು ಜನರನ್ನು ಆರಿಸಿ. ಪ್ರತಿಯೊಬ್ಬರ ಇತ್ತೀಚಿನ ಒಂದು ಪ್ರಬಂಧವನ್ನು ನಿಜವಾಗಿ ಓದಿ. ಆರೇಳು ಸಾಲು ಬರೆಯಿರಿ: ಅದರಲ್ಲಿ ಯಾವ ಭಾಗ ನಿಮ್ಮ ಕೆಲಸಕ್ಕೆ ಹತ್ತಿರ, ಮುಂದಿನ ವರ್ಷ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಿದ್ದಾರೆಯೇ. ಉತ್ತರ ಬರದಿದ್ದರೆ ಬೇಸರ ಬೇಡ, ಹತ್ತರಲ್ಲಿ ಒಂದಿಬ್ಬರು ಉತ್ತರಿಸಿದರೂ ಕೆಲಸವಾಯಿತು.

‘ನೀನೇ ಬರ್ಕೊಂಡ್ ಬಾರಪ್ಪ, ಸೈನ್ ಹಾಕ್ತೀನಿ’

ಶಿಫಾರಸು ಪತ್ರದ ವಿಷಯದಲ್ಲಿ ನಮ್ಮ ಕಾಲೇಜುಗಳ ಪದ್ಧತಿಯೇ ವಿದ್ಯಾರ್ಥಿಗಳ ಕಾಲಿಗೆ ತೊಡಕು. ಎಚ್‌ಒಡಿ ಹತ್ತಿರ ಹೋದರೆ ನೀನೇ ಬರೆದು ತಾ ಎನ್ನುತ್ತಾರೆ. ವಿದ್ಯಾರ್ಥಿ ಇಂಟರ್‌ನೆಟ್‌ನಿಂದ ಒಂದು ಮಾದರಿ ಇಳಿಸಿ, ಮೂರು ಮೇಷ್ಟ್ರ ಹೆಸರಿನಲ್ಲಿ ಮೂರು ಪತ್ರ ತಯಾರು ಮಾಡುತ್ತಾನೆ. ಮೂರರಲ್ಲೂ ಅದೇ ‘ಶ್ರಮಜೀವಿ, ಸಮಯಪಾಲಕ, ವಿನಯವಂತ’. ಓದುವವರಿಗೆ ಒಂದೇ ಕೈಬರಹ ಕಂಡಂತೆ ಕಾಣುತ್ತದೆ. ಆ ಅರ್ಜಿ ಅಲ್ಲಿಗೆ ಮುಗಿಯಿತು. ನೀವೇ ಬರೆದು ಬೇರೆಯವರ ಹೆಸರು ಹಾಕುವುದು ಅಪ್ರಾಮಾಣಿಕವೂ ಹೌದು, ಸಿಕ್ಕಿಬಿದ್ದರೆ ಪ್ರವೇಶ ರದ್ದಾಗುವಂಥದ್ದೂ ಹೌದು.

ದಾರಿ ಇದೆ. ಪತ್ರದ ಬದಲು ಒಂದು ಪುಟ ಮಾಹಿತಿ ಬರೆದುಕೊಡಿ: ಅವರ ಯಾವ ವಿಷಯ ಓದಿದಿರಿ, ಯಾವ ಪ್ರಾಜೆಕ್ಟ್ ಮಾಡಿದಿರಿ, ಲ್ಯಾಬಿನಲ್ಲಿ ಯಾವ ತೊಂದರೆ ಬಂದಾಗ ಏನು ಮಾಡಿದಿರಿ. ‘ಸರ್, ಇಷ್ಟು ನೆನಪಿಸಿಕೊಂಡು ನಿಮ್ಮ ಮಾತಿನಲ್ಲಿ ಬರೆದುಕೊಡಿ’ ಎಂದು ಕೇಳಿ, ಗಡುವಿಗೆ ಒಂದು ತಿಂಗಳ ಮೊದಲೇ. ದೊಡ್ಡ ಹುದ್ದೆಯ ಪ್ರಿನ್ಸಿಪಾಲರ ನಾಲ್ಕು ಸಾಲಿಗಿಂತ, ನಿಮ್ಮನ್ನು ಒಂದು ವರ್ಷ ಹತ್ತಿರದಿಂದ ನೋಡಿದ ಯುವ ಅಸಿಸ್ಟೆಂಟ್ ಪ್ರೊಫೆಸರ್ ಬರೆದ ಒಂದು ಪುಟಕ್ಕೆ ತೂಕ ಹೆಚ್ಚು. ಅವರ ಕಾಲೇಜಿನ ಇಮೇಲ್ ವಿಳಾಸವನ್ನೇ ಕೊಡಿ, ಜಿಮೇಲ್ ಇದ್ದರೆ ಅನುಮಾನ ಪಡುವ ವಿಶ್ವವಿದ್ಯಾಲಯಗಳಿವೆ.

ಸಿಜಿಪಿಎಯನ್ನು 9.5ರಿಂದ ಗುಣಿಸಿ ಶೇಕಡಾ ಮಾಡಿ ಎಂಬ ಫಾರ್ವರ್ಡ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇವೆ. ಅದು ಸಿಬಿಎಸ್‌ಇ ಹತ್ತನೇ ತರಗತಿಯ ಹಳೆಯ ಸೂತ್ರ, ಎಂಜಿನಿಯರಿಂಗ್‌ಗೆ ಸಂಬಂಧವಿಲ್ಲ. ವಿಟಿಯು ಆಗಲಿ, ಸ್ವಾಯತ್ತ ಕಾಲೇಜಾಗಲಿ, ನಿಮ್ಮ ಬ್ಯಾಚಿನ ಸೂತ್ರ ಏನಿದೆಯೋ ಅದನ್ನೇ ಬಳಸಿ. ಅಮೆರಿಕದ ಅರ್ಜಿಯಲ್ಲಿ ಕೇಳದ ಹೊರತು 4ಕ್ಕೆ ಇಳಿಸಬೇಡಿ, ಹತ್ತರ ಲೆಕ್ಕದಲ್ಲೇ ಬರೆಯಿರಿ. ಜರ್ಮನಿಯವರಿಗೆ ತಮ್ಮದೇ ಸೂತ್ರವಿದೆ. ಗರಿಷ್ಠದಿಂದ ನಿಮ್ಮ ಅಂಕ ಕಳೆದು, ಅದನ್ನು ಗರಿಷ್ಠ ಮತ್ತು ಪಾಸಿನ ಅಂಕದ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಸೇರಿಸುತ್ತಾರೆ. ಗರಿಷ್ಠ 10, ಪಾಸು 4, ನಿಮ್ಮದು 8 ಎಂದರೆ 2.0. ಅಲ್ಲಿ 1 ಅತ್ಯುತ್ತಮ, 4 ಬರೀ ಪಾಸು.

ಪಟ್ಟಿಯಲ್ಲಿ ಇದೆ, ನಿಮಗೆ ಇಲ್ಲ

‘ಎಂಜಿನಿಯರ್‌ಗಳಿಗೆ ಟಾಪ್ 20 ಸ್ಕಾಲರ್‌ಶಿಪ್’ ಎಂಬ ಪಟ್ಟಿಗಳನ್ನು ಒಮ್ಮೆ ಜರಡಿ ಹಿಡಿದು ನೋಡಿ. ಇನ್‌ಲ್ಯಾಕ್ಸ್ ಶಿವದಾಸಾನಿ ಸ್ಕಾಲರ್‌ಶಿಪ್ ಬಹುತೇಕ ಎಲ್ಲ ಪಟ್ಟಿಯಲ್ಲೂ ಇರುತ್ತದೆ. ಎಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸ್‌ಗೆ ಕೊಡುವುದಿಲ್ಲ ಎಂದು ಅದರ ನಿಯಮದಲ್ಲೇ ಇದೆ. ಫುಲ್‌ಬ್ರೈಟ್–ನೆಹರು ಮಾಸ್ಟರ್ಸ್ ಫೆಲೋಶಿಪ್ ಆಯ್ದ ಕೆಲವು ವಿಷಯಗಳಿಗೆ ಮಾತ್ರ, ಕನಿಷ್ಠ ಮೂರು ವರ್ಷದ ಕೆಲಸದ ಅನುಭವವೂ ಬೇಕು. ಬ್ರಿಟನ್ನಿನ ಚೀವ್ನಿಂಗ್ ಎಂಜಿನಿಯರ್‌ಗಳಿಗೂ ಉಂಟು, ಆದರೆ ಎರಡು ವರ್ಷದ ಅನುಭವ ಬೇಕು, ಮುಗಿಸಿದ ಮೇಲೆ ಎರಡು ವರ್ಷ ಸ್ವದೇಶಕ್ಕೆ ಮರಳಬೇಕು. ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್‌ನ ಪ್ರಸಿದ್ಧ ಗ್ರ್ಯಾಜುಯೇಟ್ ಫೆಲೋಶಿಪ್ ಆ ದೇಶದ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. 1892ರಲ್ಲಿ ಶುರುವಾದ ಜೆ.ಎನ್. ಟಾಟಾ ಎಂಡೋಮೆಂಟ್‌ನಿಂದ ಪರಮಾಣು ವಿಜ್ಞಾನಿ ರಾಜಾ ರಾಮಣ್ಣ, ರಾಷ್ಟ್ರಪತಿಯಾಗಿದ್ದ ಕೆ.ಆರ್. ನಾರಾಯಣನ್ ಅಂಥವರೂ ನೆರವು ಪಡೆದಿದ್ದಾರೆ. ಅದು ಮುಖ್ಯವಾಗಿ ಸಾಲದ ಸ್ಕಾಲರ್‌ಶಿಪ್, ತೀರಿಸಬೇಕು. ಅಲ್ಪಸಂಖ್ಯಾತರ ಶಿಕ್ಷಣ ಸಾಲದ ಬಡ್ಡಿ ಭರಿಸುತ್ತಿದ್ದ ‘ಪಢೋ ಪರದೇಶ್’ 2022–23ರಿಂದ ನಿಂತಿದೆ, ಫಾರ್ವರ್ಡ್ ಮಾತ್ರ ಇನ್ನೂ ಓಡಾಡುತ್ತಿದೆ.

ನಿಜಕ್ಕೂ ಎಂಜಿನಿಯರ್‌ಗಳು ನೋಡಬೇಕಾದದ್ದು ಯುರೋಪಿನ ಎರಾಸ್ಮಸ್ ಮುಂಡುಸ್. ಎರಡು ಮೂರು ದೇಶಗಳಲ್ಲಿ ಓದುವ ಜಂಟಿ ಮಾಸ್ಟರ್ಸ್ ಅದು. ಆಯ್ಕೆಯಾದರೆ ಶುಲ್ಕವಿಲ್ಲ, ತಿಂಗಳಿಗೆ 1,400 ಯೂರೋ. ಅಕ್ಟೋಬರ್‌ನಿಂದ ಜನವರಿಯೊಳಗೆ ಹೆಚ್ಚಿನ ಕೋರ್ಸುಗಳ ಅರ್ಜಿ ಮುಗಿಯುತ್ತದೆ. ಎರಡು ವರ್ಷ ಕೆಲಸ ಮಾಡಿದವರಿಗೆ ಜರ್ಮನಿಯ ಡಾಡ್ ಸಂಸ್ಥೆಯ ಎಪೋಸ್ ಯೋಜನೆ ಇದೆ. ನೀರು, ಇಂಧನ, ನಗರ ಯೋಜನೆಯಂಥ ವಿಷಯದವರಿಗೆ ಅದು ಚೆನ್ನಾಗಿ ಹೊಂದುತ್ತದೆ.

‘ಜರ್ಮನಿಯಲ್ಲಿ ಓದು ಉಚಿತ’ ಎಂಬುದು ಮುಕ್ಕಾಲು ನಿಜ. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಬಾಡೆನ್–ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಇದೆ, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ಶುರುಮಾಡಿದೆ. ಶುಲ್ಕ ಇಲ್ಲದ ಕಡೆಯೂ ವೀಸಾಕ್ಕೆ ಒಂದು ವರ್ಷದ ಜೀವನ ವೆಚ್ಚವನ್ನು ಬ್ಲಾಕ್ಡ್ ಅಕೌಂಟ್‌ನಲ್ಲಿ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ಅದು 11,904 ಯೂರೋ ಆಯಿತು. ಅಂದರೆ ಹತ್ತು ಲಕ್ಷಕ್ಕೂ ಮೀರಿದ ಹಣ ಮೊದಲೇ ಕೈಯಲ್ಲಿರಬೇಕು. ಅಲ್ಲಿ ಸೇರಿದ ಮೇಲೆ ಡಾಯ್ಚ್‌ಲಾಂಡ್ ಸ್ಟಿಪೆಂಡಿಯಂ ಎಂಬ ತಿಂಗಳಿಗೆ 300 ಯೂರೋ ನೆರವಿಗೆ ಯಾವ ದೇಶದವರೂ ಅರ್ಜಿ ಹಾಕಬಹುದು. ನಮ್ಮವರು ಅದನ್ನು ಕೇಳುವುದೇ ಕಡಿಮೆ.

ಕಾಗದದಲ್ಲಿ ಸೋಲುವವರು

ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ವರ್ಷಕ್ಕೆ 125 ಸ್ಥಾನ. ಕುಟುಂಬದ ಆದಾಯ 8 ಲಕ್ಷದೊಳಗೆ, ವಯಸ್ಸು 35ರೊಳಗೆ, ಪದವಿಯಲ್ಲಿ ಶೇ 60, ಸೇರುವ ವಿಶ್ವವಿದ್ಯಾಲಯ ಕ್ಯೂಎಸ್ ಪಟ್ಟಿಯ ಮೊದಲ 500ರಲ್ಲಿ ಇರಬೇಕು. ಪರಿಶಿಷ್ಟ ಪಂಗಡಕ್ಕೆ ಬೇರೆ ಸಚಿವಾಲಯದ ಬೇರೆ ಯೋಜನೆ, 20 ಸ್ಥಾನ. ಕರ್ನಾಟಕ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಯೂ ಪರಿಶಿಷ್ಟರ ವಿದೇಶಿ ಓದಿಗೇ. ಆದಾಯಕ್ಕೆ ತಕ್ಕಂತೆ ನೆರವಿನ ಪ್ರಮಾಣ ಬದಲಾಗುತ್ತದೆ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆ ವರ್ಷದ ಅಧಿಸೂಚನೆಯನ್ನೇ ಓದಿ, ಸ್ಕ್ರೀನ್‌ಶಾಟ್ ಅಲ್ಲ.

ಈ ಯೋಜನೆಗಳಲ್ಲಿ ಎಡವುವುದು ಪ್ರತಿಭೆಯಲ್ಲಲ್ಲ, ಹೆಸರಿನಲ್ಲಿ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ‘ಮಂಜುನಾಥ ಎಚ್ ಆರ್’, ಆಧಾರ್‌ನಲ್ಲಿ ‘ಮಂಜುನಾಥ್’, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರು, ಅಪ್ಪನ ಹೆಸರೆಲ್ಲ ಸೇರಿ ಮಾರುದ್ದ. ಮೂರೂ ಒಬ್ಬನೇ ಎಂದು ನಿಮಗೆ ಗೊತ್ತು, ಪೋರ್ಟಲ್‌ಗೆ ಗೊತ್ತಿಲ್ಲ. ಇದನ್ನು ಸರಿಪಡಿಸಲು ತಿಂಗಳುಗಳೇ ಹಿಡಿಯುತ್ತವೆ. ಹಾಗಾಗಿ ಅರ್ಜಿ ಕರೆಯುವ ತನಕ ಕಾಯದೆ ಮೂರನೇ ವರ್ಷದಲ್ಲೇ ಕೈಹಾಕಿ. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಅದರ ಅವಧಿ ನೋಡಿಕೊಳ್ಳಿ. ಆಧಾರ್‌ಗೆ ಯಾವ ಬ್ಯಾಂಕ್ ಖಾತೆ ಜೋಡಣೆಯಾಗಿದೆ ಎಂಬುದೂ ಮುಖ್ಯ. ಸರ್ಕಾರದ ನೇರ ವರ್ಗಾವಣೆ ಹಣ ಹೋಗುವುದು ಕೊನೆಯದಾಗಿ ಜೋಡಿಸಿದ ಖಾತೆಗೆ. ಯಾವಾಗಲೋ ತೆರೆದು ಮರೆತ ಖಾತೆಯಲ್ಲಿ ಸ್ಟೈಪೆಂಡ್ ಸುಮ್ಮನೆ ಕೂತಿರಬಹುದು.

ಇನ್ನು ಮೋಸದ ಮಾತು. ಗೇಟ್‌ಗೆ, ವಿದೇಶಿ ವಿಶ್ವವಿದ್ಯಾಲಯದ ಅರ್ಜಿಗೆ ಶುಲ್ಕ ಇರುವುದು ಸಹಜ. ಆದರೆ ‘ನಿಮಗೆ ಸ್ಕಾಲರ್‌ಶಿಪ್ ಮಂಜೂರಾಗಿದೆ, ಬಿಡುಗಡೆಗೆ ಪ್ರೊಸೆಸಿಂಗ್ ಫೀಸ್ ಕಟ್ಟಿ’ ಎಂದರೆ ಅದು ಮೋಸ. ಒಟಿಪಿ ಕೇಳಿದರಂತೂ ಫೋನ್ ಇಟ್ಟುಬಿಡಿ. ಸರ್ಕಾರದ ವಿಳಾಸ ಸಾಮಾನ್ಯವಾಗಿ ‘ಡಾಟ್ ಜಿಒವಿ ಡಾಟ್ ಇನ್’ ಎಂದು ಕೊನೆಯಾಗುತ್ತದೆ. ನಡುವೆ ಎಲ್ಲೋ ‘ಜಿಒವಿ’ ಎಂದಿದ್ದು ಕೊನೆಗೆ ಬೇರೇನೋ ಇದ್ದರೆ ಅದು ಸರ್ಕಾರದ್ದಲ್ಲ. ಈಗಾಗಲೇ ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ.

ಪತ್ರ ಬಂದ ಮೇಲೆ

ಕೊನೆಗೊಮ್ಮೆ ಆಫರ್ ಪತ್ರ ಬಂತು ಎನ್ನಿ. ಸಂಭ್ರಮದ ಸ್ಟೇಟಸ್ ಹಾಕುವ ಮೊದಲು ಮೂರು ಸಂಗತಿ ಓದಿ. ಕೊಡುವುದು ಫೀಸಿಗೋ, ಊಟ ಬಾಡಿಗೆಗೋ, ಎರಡಕ್ಕೋ? ಒಂದು ವರ್ಷಕ್ಕೋ, ಪೂರ್ತಿ ಕೋರ್ಸಿಗೋ? ಮುಂದುವರಿಯಲು ಎಷ್ಟು ಅಂಕ ಇರಬೇಕು? ಖಾಸಗಿ ವಿಶ್ವವಿದ್ಯಾಲಯಗಳು ‘ಮೆರಿಟ್ ಸ್ಕಾಲರ್‌ಶಿಪ್ 5 ಸಾವಿರ ಡಾಲರ್’ ಎಂದು ಕೊಡುವುದು ಹೆಚ್ಚಾಗಿ ಫೀಸಿನ ಮೇಲಿನ ರಿಯಾಯಿತಿ. ಸೀರೆ ಅಂಗಡಿಯವರು ಬೆಲೆ ಏರಿಸಿ ಆಷಾಢದ ಡಿಸ್ಕೌಂಟ್ ಬರೆಯುವ ಹಾಗೆ. ಉಳಿದ 35 ಸಾವಿರ ಡಾಲರ್ ಯಾರು ಕಟ್ಟುತ್ತಾರೆ ಎನ್ನುವುದು ನಿಜವಾದ ಪ್ರಶ್ನೆ. ಆ ಕಾಲೇಜಿಗೇ ಸೇರಿ ಎಂದು ಒತ್ತಾಯಿಸುವ ಕನ್ಸಲ್ಟೆನ್ಸಿಗೆ ಅಲ್ಲಿಂದ ಕಮಿಷನ್ ಬರುತ್ತದೆಯೇ ಎಂದು ಮುಖಕ್ಕೆ ಮುಖ ಕೊಟ್ಟು ಕೇಳಿ.

ಅಮೆರಿಕದಿಂದ ಹಣದ ನೆರವಿನ ಆಫರ್ ಬಂದು, ‘ಒಂದು ವಾರದಲ್ಲಿ ಒಪ್ಪಿಕೊಳ್ಳಿ, ಇಲ್ಲದಿದ್ದರೆ ಬೇರೆಯವರಿಗೆ’ ಎಂದರೆ ಗಾಬರಿಯಾಗಬೇಡಿ. ಅಲ್ಲಿನ ಕೌನ್ಸಿಲ್ ಆಫ್ ಗ್ರ್ಯಾಜುಯೇಟ್ ಸ್ಕೂಲ್ಸ್ ಒಂದು ಒಪ್ಪಂದ ಮಾಡಿಕೊಂಡಿದೆ. ಅದಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು ಹಣದ ನೆರವಿನ ಆಫರ್‌ಗೆ ಏಪ್ರಿಲ್ 15ರ ಮೊದಲು ಉತ್ತರಿಸುವಂತೆ ವಿದ್ಯಾರ್ಥಿಯನ್ನು ಕಟ್ಟಿಹಾಕುವಂತಿಲ್ಲ. ಸಹಿ ಹಾಕಿದವರ ಪಟ್ಟಿ ಕೌನ್ಸಿಲ್‌ನ ವೆಬ್‌ಸೈಟಿನಲ್ಲೇ ಇದೆ. ಅಲ್ಲಿಯವರೆಗೆ ಉಳಿದ ಕಡೆಯ ಉತ್ತರಕ್ಕೆ ಕಾಯಬಹುದು, ‘ನನಗೆ ಬೇರೆ ಕಡೆ ಇಷ್ಟು ಕೊಡುತ್ತಿದ್ದಾರೆ, ನಿಮ್ಮಿಂದ ಸಾಧ್ಯವೇ’ ಎಂದು ವಿನಯದಿಂದ ಒಂದು ಇಮೇಲ್ ಕೂಡ ಬರೆಯಬಹುದು. ಒಪ್ಪಿದ ಮೇಲೆ ಮಾತ್ರ ಉಳಿದವರಿಗೆ ಅದೇ ದಿನ ಬೇಡವೆಂದು ತಿಳಿಸಿಬಿಡಿ. ಅಲ್ಲಿ ವೇಟಿಂಗ್ ಲಿಸ್ಟ್‌ನಲ್ಲಿ ಇನ್ನೊಬ್ಬರು ಫೋನ್ ಹಿಡಿದು ಕೂತಿರುತ್ತಾರೆ.